ಫೌಜದಾರಿ ನ್ಯಾಯ ವ್ಯವಸ್ಥೆ: ಒಂದು ಪರಿಚಯ
(ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ನ್ಯಾಯಾಲಯಗಳ ವ್ಯಾಪ್ತಿಯ ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಅಪರಾಧವು ಒಬ್ಬ ವ್ಯಕ್ತಿಯ ಮೇಲೆ ನಡೆದರೂ ಕಾನೂನಿನ ದೃಷ್ಟಿಯಲ್ಲಿ ಅದು ಇಡೀ ಸಮಾಜದ ವಿರುದ್ಧದ ಕೃತ್ಯವಾಗಿರುತ್ತದೆ. ಆದ್ದರಿಂದ ಪೊಲೀಸರು ದಾಖಲಿಸಿದ ಪ್ರಕರಣವನ್ನು ನ್ಯಾಯಾಲಯದಲ್ಲಿ ನಡೆಸುವುದು ರಾಜ್ಯ ಸರ್ಕಾರವೇ ಹೊರತು ನೊಂದವರಲ್ಲ. ಕಡತದ ಮೇಲೆ ಒಂದು ಪಕ್ಷವಾಗಿ ‘ಕರ್ನಾಟಕ ರಾಜ್ಯ’ ಎಂದೂ ಎದುರು ಪಕ್ಷವಾಗಿ ಆರೋಪಿಯ ಹೆಸರೂ ಇರುತ್ತದೆ. ಫಿರ್ಯಾದಿದಾರರ ಹೆಸರು ಸಾಕ್ಷಿಗಳ ಪಟ್ಟಿಯಲ್ಲಿ, ಸಾಮಾನ್ಯವಾಗಿ ಮೊದಲನೆಯದಾಗಿ ಇರುತ್ತದೆ. ಸರ್ಕಾರದ ಪರವಾಗಿ ತಾಲ್ಲೂಕು ನ್ಯಾಯಾಲಯಗಳಲ್ಲಿ ಸಹಾಯಕ ಸರ್ಕಾರಿ ಅಭಿಯೋಜಕರು, ಸೆಷನ್ಸ್ ನ್ಯಾಯಾಲಯದಲ್ಲಿ ಸರ್ಕಾರಿ ಅಭಿಯೋಜಕರು ಹಾಜರಾಗುತ್ತಾರೆ. ಇದಕ್ಕಾಗಿ ಫಿರ್ಯಾದಿದಾರರು ಯಾವುದೇ ಶುಲ್ಕ ಕೊಡಬೇಕಾಗಿಲ್ಲ. ಸ್ವಂತ ವಕೀಲರನ್ನು ನೇಮಿಸಿಕೊಳ್ಳಲು ಅಡ್ಡಿಯಿಲ್ಲ. ಆದರೆ ಅವರು ಅಭಿಯೋಜಕರಿಗೆ ನೆರವಾಗಬಹುದೇ ಹೊರತು ಅವರ ಸ್ಥಾನದಲ್ಲಿ ಪ್ರಕರಣ ನಡೆಸುವಂತಿಲ್ಲ.

1974ರ ಏಪ್ರಿಲ್ 1ರಂದು ಜಾರಿಗೆ ಬಂದ ದಂಡ ಪ್ರಕ್ರಿಯಾ ಸಂಹಿತೆಯು ಪೊಲೀಸ್ ಅಧಿಕಾರಿಗಳು ಸಹಾಯಕ ಸರ್ಕಾರಿ ಅಭಿಯೋಜಕರಾಗಿ ನೇಮಕಗೊಳ್ಳುವುದನ್ನು ನಿಷೇಧಿಸಿತು. ತನಿಖೆ ಮಾಡಿದವರೇ ನ್ಯಾಯಾಲಯದಲ್ಲಿ ವಾದಿಸಬಾರದೆಂಬುದು ಇದರ ಉದ್ದೇಶ. ಪೊಲೀಸ್ ಠಾಣೆ ಮತ್ತು ಅಭಿಯೋಜಕರ ಕಛೇರಿ ಬೇರೆ ಬೇರೆ ಎಂಬುದನ್ನು ಸಾರ್ವಜನಿಕರು ಗಮನಿಸತಕ್ಕದ್ದು.

ಜಾರಿಯಲ್ಲಿರುವ ಕಾನೂನುಗಳು

ದಿನಾಂಕ 1-7-2024ರಿಂದ ಭಾರತೀಯ ದಂಡ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆ ಹಾಗೂ ಸಾಕ್ಷ್ಯ ಅಧಿನಿಯಮಗಳ ಸ್ಥಾನದಲ್ಲಿ ಕ್ರಮವಾಗಿ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಮತ್ತು ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಜಾರಿಗೆ ಬಂದಿರುತ್ತವೆ. ಆ ದಿನಾಂಕಕ್ಕೆ ಮುಂಚೆ ನಡೆದ ಅಪರಾಧಕ್ಕೆ ಹಳೆಯ ದಂಡ ಸಂಹಿತೆಯೇ ಅನ್ವಯಿಸುತ್ತದೆ. ಆದ್ದರಿಂದ ಒಂದೇ ನ್ಯಾಯಾಲಯದಲ್ಲಿ ಎರಡೂ ಬಗೆಯ ಕಲಮುಗಳ ಪ್ರಕರಣಗಳು ನಡೆಯುತ್ತಿರುವುದನ್ನು ಕಂಡು ಗೊಂದಲಕ್ಕೆ ಒಳಗಾಗಬಾರದು.

ದೂರು ಮತ್ತು ಪ್ರಥಮ ವರ್ತಮಾನ ವರದಿ

ಕೊಲೆ, ದರೋಡೆ, ಕಳವು, ಅತ್ಯಾಚಾರ ಮುಂತಾದ ಸಂಜ್ಞೇಯ ಅಪರಾಧದ ಮಾಹಿತಿ ಬಂದಾಗ ಠಾಣಾಧಿಕಾರಿಯು ಅದನ್ನು ದಾಖಲಿಸಿ, ಓದಿ ಹೇಳಿ, ಸಹಿ ಪಡೆದು, ವರದಿಯ ಪ್ರತಿಯನ್ನು ಉಚಿತವಾಗಿ ಕೊಡತಕ್ಕದ್ದು. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಮಾತ್ರ ಉಪಾಧೀಕ್ಷಕರ ಅನುಮತಿ ಪಡೆದು 14 ದಿನಗಳೊಳಗೆ ಪ್ರಾಥಮಿಕ ವಿಚಾರಣೆ ನಡೆಸಲು ಅವಕಾಶವಿದೆ. ಅಸಂಜ್ಞೇಯ ಅಪರಾಧಗಳಲ್ಲಿ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಕೈಗೊಳ್ಳುವಂತಿಲ್ಲ.

ಅಪರಾಧ ನಡೆದ ಸ್ಥಳ ತಮ್ಮ ಸರಹದ್ದಿನಲ್ಲಿಲ್ಲ ಎಂಬ ಕಾರಣಕ್ಕೆ ದೂರನ್ನು ನಿರಾಕರಿಸುವಂತಿಲ್ಲ. ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡಿರುವ ಇಂಡಿ ಭಾಗದವರಿಗೆ ಈ ನಿಯಮವು ವಿಶೇಷವಾಗಿ ಉಪಯುಕ್ತ. ಸೊಲ್ಲಾಪುರದಲ್ಲಿ ಹಲ್ಲೆಗೊಳಗಾದವರು ಊರಿಗೆ ಮರಳಿ ಇಂಡಿಯಲ್ಲಿಯೇ ದೂರು ಕೊಡಬಹುದು; ಅದನ್ನು ಶೂನ್ಯ ಸಂಖ್ಯೆಯಲ್ಲಿ ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳುಹಿಸುವುದು ಪೊಲೀಸರ ಕೆಲಸ. ದೂರನ್ನು ಇಲೆಕ್ಟ್ರಾನಿಕ್ ಮಾಧ್ಯಮದ ಮೂಲಕ ಕಳುಹಿಸಿದಲ್ಲಿ ಮೂರು ದಿನಗಳೊಳಗೆ ಸಹಿ ಮಾಡತಕ್ಕದ್ದು.

ಠಾಣಾಧಿಕಾರಿಯು ದೂರು ದಾಖಲಿಸಿಕೊಳ್ಳಲು ನಿರಾಕರಿಸಿದಲ್ಲಿ ಅದರ ಸಾರಾಂಶವನ್ನು ಬರವಣಿಗೆಯಲ್ಲಿ ಜಿಲ್ಲಾ ಪೊಲೀಸ್ ಅಧೀಕ್ಷಕರಿಗೆ ಅಂಚೆಯ ಮೂಲಕ ಕಳುಹಿಸಬಹುದು. ಅಲ್ಲಿಯೂ ಕ್ರಮವಾಗದಿದ್ದಲ್ಲಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು. ಅಂಚೆ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಒಳಿತು. ಮುಂದೆ ಅದೊಂದೇ ಪುರಾವೆಯಾಗುವ ಸಂದರ್ಭಗಳಿರುತ್ತವೆ.

ತನಿಖೆ

ಸ್ಥಳ ಪಂಚನಾಮೆ, ಮುದ್ದೆಮಾಲು ಜಪ್ತಿ, ವೈದ್ಯಕೀಯ ಪರೀಕ್ಷೆ ಹಾಗೂ ಸಾಕ್ಷಿಗಳ ಹೇಳಿಕೆ ತನಿಖೆಯ ಭಾಗಗಳು. ಪೊಲೀಸರು ಬರೆದುಕೊಳ್ಳುವ ಸಾಕ್ಷಿಯ ಹೇಳಿಕೆಗೆ ಸಾಕ್ಷಿಯು ಸಹಿ ಮಾಡಬೇಕಾಗಿಲ್ಲ. ಮಹಿಳೆಯರು, 15 ವರ್ಷದೊಳಗಿನ ಮತ್ತು 60 ವರ್ಷ ಮೀರಿದ ಪುರುಷರು, ಅಂಗವಿಕಲರು ಹಾಗೂ ತೀವ್ರ ಅನಾರೋಗ್ಯದಲ್ಲಿರುವವರನ್ನು ಸಾಕ್ಷಿ ಹೇಳಿಕೆಗಾಗಿ ಠಾಣೆಗೆ ಕರೆಸುವಂತಿಲ್ಲ. ಅವರು ವಾಸವಿರುವಲ್ಲಿಯೇ ವಿಚಾರಿಸತಕ್ಕದ್ದು. ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ಫಿರ್ಯಾದಿದಾರರಿಗೆ ಅಥವಾ ನೊಂದವರಿಗೆ ತಿಳಿಸುವುದು ಈಗ ಕಡ್ಡಾಯವಾಗಿದೆ.

ದಸ್ತಗಿರಿಯಾದ ವ್ಯಕ್ತಿಯನ್ನು ಪ್ರಯಾಣದ ಅವಧಿ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸತಕ್ಕದ್ದು. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಹಾಗೂ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ 90 ದಿನಗಳೊಳಗೆ, ಉಳಿದವುಗಳಲ್ಲಿ 60 ದಿನಗಳೊಳಗೆ ದೋಷಾರೋಪಣಾ ಪಟ್ಟಿ ಸಲ್ಲಿಕೆಯಾಗದಿದ್ದಲ್ಲಿ ಬಂಧನದಲ್ಲಿರುವ ಆರೋಪಿಗೆ ಜಾಮೀನು ಪಡೆಯುವ ಹಕ್ಕು ಬರುತ್ತದೆ. ಆರೋಪಿಗೆ ಜಾಮೀನು ಸಿಕ್ಕಿತೆಂದರೆ ಕೇಸು ಮುಗಿಯಿತೆಂದು ಅನೇಕರು ತಿಳಿಯುತ್ತಾರೆ. ಇದು ಸರಿಯಲ್ಲ. ಜಾಮೀನು ವಿಚಾರಣೆಗೆ ಹಾಜರಾಗುವ ಭರವಸೆ ಮಾತ್ರ, ತೀರ್ಪಲ್ಲ.

ಪ್ರಕರಣದ ಸಂಖ್ಯೆ

ಠಾಣೆಯಲ್ಲಿ ಪ್ರಕರಣಕ್ಕೆ ಗುನ್ನೆ ಸಂಖ್ಯೆ ಇರುತ್ತದೆ. ದೋಷಾರೋಪಣಾ ಪಟ್ಟಿ ನ್ಯಾಯಾಲಯಕ್ಕೆ ಹೋದ ಮೇಲೆ ಸಿ.ಸಿ. ಸಂಖ್ಯೆ, ಸೆಷನ್ಸ್ ನ್ಯಾಯಾಲಯಕ್ಕೆ ಒಪ್ಪಿಸಲ್ಪಟ್ಟಲ್ಲಿ ಎಸ್.ಸಿ. ಸಂಖ್ಯೆ ಬೀಳುತ್ತದೆ. ಗುನ್ನೆ ಸಂಖ್ಯೆಯೊಂದನ್ನೇ ಹಿಡಿದು ನ್ಯಾಯಾಲಯದ ಕಛೇರಿಯಲ್ಲಿ ವಿಚಾರಿಸುವವರಿಗೆ ಉತ್ತರ ಸಿಗುವುದು ತಡವಾಗುತ್ತದೆ. ಹದಿನಾರು ಅಕ್ಷರ ಮತ್ತು ಅಂಕಿಗಳ ಸಿ.ಎನ್.ಆರ್. ಸಂಖ್ಯೆಯನ್ನು ಬರೆದಿಟ್ಟುಕೊಂಡಲ್ಲಿ ಮುಂದಿನ ದಿನಾಂಕವನ್ನು ಇ-ಕೋರ್ಟ್ ಜಾಲತಾಣದಲ್ಲಿ ಮನೆಯಿಂದಲೇ ನೋಡಬಹುದು.

ವಿಚಾರಣೆ ನಡೆಯುವ ಸ್ಥಳ

ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು ಮೂರು ವರ್ಷದವರೆಗಿನ ಕಾರಾಗೃಹವಾಸ ವಿಧಿಸಬಹುದು. ಕೊಲೆಯಂತಹ ಪ್ರಕರಣಗಳನ್ನು ಅವರು ವಿಚಾರಣೆ ಮಾಡದೆ ಸೆಷನ್ಸ್ ನ್ಯಾಯಾಲಯಕ್ಕೆ ಒಪ್ಪಿಸುತ್ತಾರೆ. ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯವು ವಿಜಯಪುರದಲ್ಲಿದೆ. ಅಲ್ಲಿಂದ ಮುಂದಿನ ಹಾದಿ ಕಲಬುರಗಿಯದು. ಕಂದಾಯ ಆಡಳಿತದಲ್ಲಿ ಈ ಜಿಲ್ಲೆಯು ಬೆಳಗಾವಿ ವಿಭಾಗಕ್ಕೆ ಸೇರಿದ್ದರೂ ಉಚ್ಚ ನ್ಯಾಯಾಲಯದ ಮಟ್ಟಿಗೆ, 2008ರಲ್ಲಿ ಸಂಚಾರಿ ಪೀಠವಾಗಿ ಆರಂಭಗೊಂಡು 2013ರಲ್ಲಿ ಖಾಯಂ ಆದ ಕಲಬುರಗಿ ಪೀಠದ ವ್ಯಾಪ್ತಿಗೆ ಬರುತ್ತದೆ. ಈ ವ್ಯತ್ಯಾಸ ತಿಳಿಯದೆ ಧಾರವಾಡ ಪೀಠದಲ್ಲಿ ವಿಚಾರಿಸಲು ಹೋಗಿ ಬಸ್ಸಿನ ಖರ್ಚು ಮತ್ತು ಒಂದು ದಿನ ಕಳೆದುಕೊಳ್ಳಬಾರದು.

2017ರಲ್ಲಿ ಮುದ್ದೇಬಿಹಾಳ ತಾಲ್ಲೂಕಿನ ಗ್ರಾಮವೊಂದರಲ್ಲಿ, ಬೇರೆ ಸಮುದಾಯದ ಯುವಕನನ್ನು ವಿವಾಹವಾದ ಕಾರಣಕ್ಕೆ ಗರ್ಭಿಣಿಯೊಬ್ಬರು ತಮ್ಮ ಕುಟುಂಬದವರಿಂದಲೇ ಕೊಲೆಗೀಡಾದರು. 2024ರ ಮೇ ತಿಂಗಳಲ್ಲಿ ವಿಜಯಪುರದ ಸೆಷನ್ಸ್ ನ್ಯಾಯಾಲಯವು ಇಬ್ಬರಿಗೆ ಮರಣದಂಡನೆಯನ್ನೂ ಐವರಿಗೆ ಜೀವಾವಧಿ ಶಿಕ್ಷೆಯನ್ನೂ ವಿಧಿಸಿತು. ಸುಮಾರು ಏಳು ವರ್ಷಗಳ ಈ ಅವಧಿಯಲ್ಲಿ ಪ್ರಕರಣವು ಮೇಲೆ ಹೇಳಿದ ಹಂತಗಳನ್ನು ದಾಟಿ ಬಂದಿತು. ಸೆಷನ್ಸ್ ನ್ಯಾಯಾಲಯವು ವಿಧಿಸುವ ಮರಣದಂಡನೆಯು ಉಚ್ಚ ನ್ಯಾಯಾಲಯದ ದೃಢೀಕರಣವಿಲ್ಲದೆ ಜಾರಿಯಾಗುವುದಿಲ್ಲ.

ಸಾಕ್ಷಿ

ಪ್ರಕರಣದ ಫಲಿತಾಂಶವು ಬಹುಮಟ್ಟಿಗೆ ಸಾಕ್ಷಿಗಳನ್ನು ಅವಲಂಬಿಸಿರುತ್ತದೆ. ಅಭಿಯೋಜಕರ ಮುಖ್ಯ ವಿಚಾರಣೆ, ಆರೋಪಿ ಪರ ವಕೀಲರ ಪಾಟೀ ಸವಾಲು ಇವುಗಳಲ್ಲಿ ಸಾಕ್ಷಿಯು ನ್ಯಾಯಾಧೀಶರ ಎದುರು ಹೇಳಿದ ಮಾತೇ ಸಾಕ್ಷ್ಯವಾಗುತ್ತದೆ. ಪೊಲೀಸರು ಬರೆದುಕೊಂಡ ಹೇಳಿಕೆಯ ಆಧಾರದ ಮೇಲೆ ಮಾತ್ರ ಶಿಕ್ಷೆ ವಿಧಿಸಲಾಗುವುದಿಲ್ಲ. ಕೆಲಸ ಅರಸಿ ಮಹಾರಾಷ್ಟ್ರ, ಗೋವಾ ಕಡೆಗೆ ಕುಟುಂಬ ಸಮೇತ ತೆರಳುವುದು ಈ ನಾಲ್ಕೂ ತಾಲ್ಲೂಕುಗಳಲ್ಲಿ ಸಾಮಾನ್ಯವಾಗಿದೆ. ಸಾಕ್ಷಿಯು ಸಿಗದಿದ್ದಾಗ ಸಮನ್ಸನ್ನು ಜೊತೆಯಲ್ಲಿ ವಾಸಿಸುವ ಕುಟುಂಬದ ಯಾವುದೇ ವಯಸ್ಕ ಸದಸ್ಯರಿಗೆ ಕೊಡಬಹುದು. ಹಿಂದಿನ ಸಂಹಿತೆಯಲ್ಲಿ ವಯಸ್ಕ ಪುರುಷರಿಗೆ ಮಾತ್ರ ಎಂದಿತ್ತು. ಈಗ ತಾಯಿ, ಹೆಂಡತಿ ಅಥವಾ ಸೊಸೆ ಪಡೆದರೂ ಅದು ಜಾರಿಯಾದಂತೆಯೇ. ಆದ್ದರಿಂದ ಸಮನ್ಸು ಪಡೆದ ಮನೆಯವರು ದಿನಾಂಕವನ್ನು ಅಂದೇ ದೂರವಾಣಿಯಲ್ಲಿ ತಿಳಿಸತಕ್ಕದ್ದು. ಗೈರುಹಾಜರಾದಲ್ಲಿ ವಾರಂಟು ಹೊರಡುತ್ತದೆ. ಊರು ಬಿಡುವ ಮುನ್ನ ಹೊಸ ವಿಳಾಸ ಮತ್ತು ದೂರವಾಣಿ ಸಂಖ್ಯೆಯನ್ನು ಠಾಣೆಗೂ ಅಭಿಯೋಜಕರ ಕಛೇರಿಗೂ ಬರೆದುಕೊಡುವುದು ಸೂಕ್ತ. ಸಾಕ್ಷಿಯ ಸಮಂಜಸ ಖರ್ಚನ್ನು ಸರ್ಕಾರದಿಂದ ಪಾವತಿಸಲು ನ್ಯಾಯಾಲಯವು ಆದೇಶಿಸಬಹುದಾದ್ದರಿಂದ ಬತ್ತಾ ಕೇಳಲು ಸಂಕೋಚ ಪಡಬೇಕಾಗಿಲ್ಲ.

ಬೆದರಿಕೆ ಇರುವ ಸಾಕ್ಷಿಗಳು, ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಅನುಮೋದಿಸಿದ ಸಾಕ್ಷಿ ಸಂರಕ್ಷಣಾ ಯೋಜನೆಯಂತೆ, ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅಭಿಯೋಜಕರ ಮೂಲಕ ಅರ್ಜಿ ಸಲ್ಲಿಸಬಹುದು.

ರಾಜಿ

ಊರ ಹಿರಿಯರ ಮುಂದೆ ರಾಜಿಯಾಗಿ, ಬಾಂಡ್ ಕಾಗದದ ಮೇಲೆ ಸಹಿ ಹಾಕಿ, ಇನ್ನು ಕೋರ್ಟಿಗೆ ಹೋಗಬೇಕಾಗಿಲ್ಲ ಎಂದು ಸುಮ್ಮನಾಗುವವರು ಹೆಚ್ಚು. ಅಂತಹ ಕಾಗದದಿಂದ ಪ್ರಕರಣವು ಮುಕ್ತಾಯವಾಗುವುದಿಲ್ಲ. ಕಾನೂನಿನಲ್ಲಿ ರಾಜಿಗೆ ಅವಕಾಶವಿರುವ ಅಪರಾಧಗಳು ಗೊತ್ತುಪಡಿಸಲ್ಪಟ್ಟಿವೆ. ಅವುಗಳಲ್ಲಿಯೂ ನ್ಯಾಯಾಲಯದ ಮುಂದೆ ದಾಖಲಾದ ರಾಜಿ ಮಾತ್ರ ಸಿಂಧು. ಉಳಿದ ಅಪರಾಧಗಳಲ್ಲಿ, ಮನೆಯಲ್ಲಿ ಒಪ್ಪಂದವಾಗಿದೆಯೆಂದು ಸಾಕ್ಷಿಯು ಕಟಕಟೆಯಲ್ಲಿ ತಿರುಗಿ ಬಿದ್ದರೆ, ಉದ್ದೇಶಪೂರ್ವಕವಾಗಿ ಸುಳ್ಳು ಸಾಕ್ಷ್ಯ ನುಡಿದ ಅಪರಾಧಕ್ಕೆ ತಾನೇ ಗುರಿಯಾಗುವ ಸಾಧ್ಯತೆ ಇರುತ್ತದೆ. ಸಹಿ ಹಾಕುವ ಮುನ್ನ ಅಭಿಯೋಜಕರನ್ನು ಒಮ್ಮೆ ಕೇಳುವುದಕ್ಕೆ ಖರ್ಚಿಲ್ಲ.

ತೀರ್ಪಿನ ನಂತರ

ಮ್ಯಾಜಿಸ್ಟ್ರೇಟರ ಶಿಕ್ಷೆಯ ವಿರುದ್ಧ 30 ದಿನಗಳೊಳಗೆ ಸೆಷನ್ಸ್ ನ್ಯಾಯಾಲಯಕ್ಕೆ, ಸೆಷನ್ಸ್ ನ್ಯಾಯಾಲಯದ ಶಿಕ್ಷೆಯ ವಿರುದ್ಧ 60 ದಿನಗಳೊಳಗೆ (ಮರಣದಂಡನೆಯಾದಲ್ಲಿ 30 ದಿನಗಳೊಳಗೆ) ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸತಕ್ಕದ್ದು. ಆರೋಪಿಯು ಖುಲಾಸೆಯಾದಲ್ಲಿ ನೊಂದವರಿಗೂ ಮೇಲ್ಮನವಿಯ ಹಕ್ಕಿದೆ. ಆರೋಪಿ ಪತ್ತೆಯಾಗದೆ ವಿಚಾರಣೆಯೇ ನಡೆಯದಿದ್ದರೂ, ಕರ್ನಾಟಕ ಸಂತ್ರಸ್ತರ ಪರಿಹಾರ ಯೋಜನೆ, 2011ರಡಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಪರಿಹಾರಕ್ಕಾಗಿ ಅರ್ಜಿ ಸಲ್ಲಿಸಬಹುದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ಬಂಧನದಲ್ಲಿರುವವರು ಆದಾಯ ಮಿತಿಯಿಲ್ಲದೆ ಉಚಿತ ವಕೀಲರ ನೆರವಿಗೆ ಅರ್ಹರು. ಇದನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅಥವಾ ಸಹಾಯವಾಣಿ 15100ರಲ್ಲಿ ಕೋರಬಹುದು. ತುರ್ತು ಪೊಲೀಸ್ ನೆರವಿಗೆ 112.

ಅಭಿಯೋಜಕರನ್ನು ಭೇಟಿಯಾಗಲು ಬರುವವರು ಪ್ರಥಮ ವರ್ತಮಾನ ವರದಿಯ ಪ್ರತಿ, ಸಮನ್ಸು ಮತ್ತು ಗುರುತಿನ ಚೀಟಿಯನ್ನು ತರತಕ್ಕದ್ದು. ಬೆಳಿಗ್ಗೆ ಕಲಾಪ ಆರಂಭವಾದ ಮೇಲೆ ಅವರು ನ್ಯಾಯಾಲಯದ ಸಭಾಂಗಣದಲ್ಲಿರುವುದರಿಂದ, ಸಾಕ್ಷ್ಯ ನುಡಿಯುವವರು ಕಲಾಪಕ್ಕೆ ಮುಂಚೆಯೇ ಬಂದು ಕಾಣುವುದು ಅನುಕೂಲ.