ಬಣ್ಣ ಹೊಡೆಸುವ ಮೊದಲು ಸೈಕಲ್ ಓದಿ

ವೇಣೂರು ಅಂದ ತಕ್ಷಣ ನೆನಪಾಗೋದು ಬಾಹುಬಲಿ. 1604ರಲ್ಲಿ ತಿಮ್ಮಣ್ಣ ಅಜಿಲರು ನಿಲ್ಲಿಸಿದ 35 ಅಡಿಯ ಮೂರ್ತಿ ನಾನೂರಕ್ಕೂ ಹೆಚ್ಚು ಮಳೆಗಾಲ ಕಂಡಿದೆ. 2024ರಲ್ಲಿ ಮಹಾಮಸ್ತಕಾಭಿಷೇಕವೂ ಆಯ್ತು. ಆದರೆ ಅದೇ ಊರಿನ ದಾರಿಗಳಲ್ಲಿ ಓಡಿದ ಉಕ್ಕಿನ ಸೈಕಲ್? ಅಂಗಳದಲ್ಲಿ ಬಿಟ್ಟರೆ ಕರಾವಳಿಯ ಒಂದೇ ಮಳೆಗಾಲ ಸಾಕು ತುಕ್ಕು ಹತ್ತೋದಕ್ಕೆ. ಆಮೇಲೆ ಗುಜರಿ, ಅಲ್ಲಿಂದ ಕುಲುಮೆ. ಕಿಲೋ ಲೆಕ್ಕದಲ್ಲಿ ಮಾರಾಟವಾಗುವ ಈ ಇತಿಹಾಸದ ಬಗ್ಗೆ ಯಾವ ಚಾನೆಲ್ಲೂ ಡಿಬೇಟ್ ಮಾಡಲ್ಲ.

ವೇಣೂರು ಕಡೆ ಗುಜರಿಯಲ್ಲಿ ನಿಮಗೊಂದು ಹಳೇ ಸೈಕಲ್ ಅಗ್ಗಕ್ಕೆ ಸಿಕ್ಕಿತು ಅಂತಿಟ್ಟುಕೊಳ್ಳಿ. ನಮ್ಮ ಜನ ಮೊದಲು ಮಾಡೋ ಕೆಲಸವೇನು? ಪಳಪಳ ಕಪ್ಪು ಬಣ್ಣದ ಸ್ಪ್ರೇ! ನನ್ನ ಪ್ರಕಾರ ಅದು ದಾಖಲೆ ಸುಟ್ಟ ಹಾಗೆ.

ಚೈನ್ ಚಕ್ರ ನೋಡಿ. ಅದರಲ್ಲಿ ಮೂರು ಕೊಕ್ಕರೆ ತಲೆಗಳಿದ್ದರೆ ಅದು ರಾಲಿಯ ಗುರುತು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಿಂದ ಹಡಗಿನಲ್ಲಿ ಬಂದದ್ದಿರಬಹುದು, ಇಲ್ಲವೇ ಬಂಗಾಳದ ಅಸನ್ಸೋಲ್‌ನ ಸೆನ್-ರಾಲಿ ಕಾರ್ಖಾನೆಯದ್ದಿರಬಹುದು. ಆ ಕಾರ್ಖಾನೆಯನ್ನು 1980ರಲ್ಲಿ ಸರ್ಕಾರ ರಾಷ್ಟ್ರೀಕರಣ ಮಾಡಿತು. ಇನ್ನು ಹರ್ಕ್ಯುಲಿಸ್ ಆದರೆ ಅದು ಮದ್ರಾಸಿನ ಟಿಐ ಸೈಕಲ್ಸ್‌ನದ್ದಿರಬಹುದು. ಆ ಕಂಪನಿ ಶುರುವಾಗಿದ್ದು 1949ರಲ್ಲಿ. ನೆನಪಿರಲಿ, 1956ರವರೆಗೆ ನಮ್ಮ ದಕ್ಷಿಣ ಕನ್ನಡವೂ ಮದ್ರಾಸಿಗೇ ಸೇರಿತ್ತು. ಅಟ್ಲಾಸ್ ಸಿಕ್ಕಿದರೆ ಇನ್ನೂ ಜೋಪಾನ. 1951ರಲ್ಲಿ ಸೋನಿಪತ್‌ನಲ್ಲಿ ಹುಟ್ಟಿದ ಆ ಕಂಪನಿ ಸಾಹಿಬಾಬಾದ್‌ನ ತನ್ನ ಘಟಕದ ಕಾರ್ಮಿಕರನ್ನು ಲೇ-ಆಫ್ ಮಾಡಿದ್ದು ಯಾವತ್ತು ಗೊತ್ತಾ? 2020ರ ಜೂನ್ 3. ವಿಶ್ವ ಸೈಕಲ್ ದಿನ!

ಮೂರು ಗೇರಿನ ಸ್ಟರ್ಮಿ-ಆರ್ಚರ್ ಹಬ್ ಇದ್ದರಂತೂ ಅದೃಷ್ಟ. ತಯಾರಾದ ವರ್ಷದ ಕೊನೆಯ ಎರಡು ಅಂಕಿಯನ್ನು ಹಬ್ ಮೇಲೇ ಒತ್ತಿರುತ್ತಾರೆ. ಜಾತಕ ಬೇಕಿಲ್ಲ.

ಈಗ ರಿಪೇರಿ. ಎಡಗಡೆ ಪೆಡಲ್‌ನ ಮರೆ ಉಲ್ಟಾ. ಎಲ್ಲರಂತೆ ತಿರುಗಿಸಿದರೆ ಬಿಗಿಯಾಗುತ್ತೆ, ಬಿಚ್ಚಲ್ಲ. ಕ್ರ್ಯಾಂಕ್ ಹಿಡಿದಿರುವ ಕಾಟರ್ ಪಿನ್ನಿಗೆ ಸುತ್ತಿಗೆಯಿಂದ ಚಚ್ಚಬೇಡಿ, ತಲೆ ಮಡಚಿಕೊಂಡರೆ ಕಥೆ ಮುಗೀತು. ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ, ಪ್ರೆಸ್‌ನಿಂದ ಒತ್ತಿ ತೆಗೆಯಿರಿ. ಸೀಟಿನ ಕೊಳವೆಯಲ್ಲಿ ಇಳಿದ ಮಳೆನೀರು ಪೆಡಲ್ ಅಚ್ಚಿನ ಬುಡದಲ್ಲೇ ನಿಲ್ಲುತ್ತೆ, ಆ ಜಾಗ ಮೊದಲು ಬಿಚ್ಚಿ ನೋಡಿ. ಆದರೆ ಅಲ್ಲಿನ ಕಪ್‌ಗಳನ್ನು ಎಸೆಯಬೇಡಿ! ಮಾಮೂಲಿ ಬ್ರಿಟಿಷ್ ಅಳತೆಯಲ್ಲಿ ಇಂಚಿಗೆ 24 ಮರೆ, ಹಳೆಯ ನಾಟಿಂಗ್‌ಹ್ಯಾಮ್ ರಾಲಿಯಲ್ಲಿ 26. ಅಂಗಡಿಯ ಹೊಸ ಕಪ್ಪನ್ನು ಬಲವಂತವಾಗಿ ತಿರುಗಿಸಿದರೆ ಫ್ರೇಮೇ ಹಾಳು. ಇಂಜಿನಿಯರಿಂಗ್ ಓದಿದವನಿಗೆ ಇದು ಸಿಟ್ಟು ತರಿಸುವ ವಿಷಯ. ತನ್ನ ಸೈಕಲ್‌ಗೆ ತನ್ನದೇ ಬಿಡಿಭಾಗ ಬೇಕಾಗುವಂತೆ ಮಾಡೋ ಕಂಪನಿ ಚಾಳಿ ಮೊಬೈಲ್ ಚಾರ್ಜರ್‌ನಿಂದ ಶುರುವಾದದ್ದಲ್ಲ ರೀ.

ಉಳಿದದ್ದಕ್ಕೆ ಹೆದರಬೇಕಿಲ್ಲ. ಹಳೇ ರೋಡ್‌ಸ್ಟರ್ ಮಾದರಿಯ ಸೈಕಲ್ ಇಂಡಿಯಾದಲ್ಲಿ ಇವತ್ತಿಗೂ ತಯಾರಾಗುತ್ತೆ. ಹಾಗಾಗಿ ಅದರ 28 ಇಂಚಿನ ಟೈರು, ಕಡ್ಡಿಬ್ರೇಕಿನ ರಬ್ಬರ್ ಹಳೇ ಸೈಕಲ್ ಶಾಪ್‌ಗಳಲ್ಲಿ ಸಿಗುತ್ತವೆ. ಬಣ್ಣದ ಮೇಲಿನ ಕೊಳೆಗೆ ಸೋಪುನೀರು, ಆಮೇಲೆ ತೆಳುವಾಗಿ ವ್ಯಾಕ್ಸ್. ಚಿನ್ನದ ಗೆರೆಗಳು ಎಲ್ಲಾದರೂ ಉಳಿದಿದ್ದರೆ ಉಜ್ಜಬೇಡಿ.

ಹ್ಯಾಂಡಲ್ ಹತ್ತಿರ ತಗಡಿನ ಬಿಲ್ಲೆಯೇನಾದ್ರೂ ಇದೆಯಾ? ಆಗ ಸ್ಥಳೀಯ ಸಂಸ್ಥೆಗಳು ಸೈಕಲ್‌ಗೂ ತೆರಿಗೆ ಹಾಕ್ತಿದ್ದವು, ಕಟ್ಟಿದ್ದಕ್ಕೆ ಬಿಲ್ಲೆ ಕೊಡ್ತಿದ್ದವು. ರಾತ್ರಿ ದೀಪ ಇಲ್ಲದಿದ್ದರೆ, ಹಿಂದೆ ಒಬ್ಬರನ್ನು ಕೂರಿಸಿಕೊಂಡರೆ ದಂಡ ಬೇರೆ. ಪೆಟ್ರೋಲ್ ಸುಡದ, ಹೊಗೆ ಬಿಡದ ಗಾಡಿಗೆ ಟ್ಯಾಕ್ಸ್! ಇದನ್ನು ಹೊಸ ಹುಡುಗರು ನಂಬಲ್ಲ. ಆ ಬಿಲ್ಲೆಯನ್ನು ಸ್ಕ್ರೂ ಸಮೇತ ಅಲ್ಲೇ ಬಿಡಿ.