ಗೋಲಿಯ ಹೊಕ್ಕುಳು

ಗಾಜಿನ ಗೋಲಿಗೂ ಒಂದು ಇತಿಹಾಸವುಂಟು ಎಂದರೆ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ನಗಬಹುದು. ಪಾಠದ ನಡುವೆ ಜೇಬಿನಿಂದ ಉರುಳಿಬಿದ್ದ ಗೋಲಿಗಳು ನನ್ನ ಮೇಜಿನ ಖಾನೆ ಸೇರಿದ್ದು ಅವರಿಗೆ ನೆನಪಿರಬೇಕು. ಆದರೆ ಆ ಪುಟ್ಟ ಗುಂಡಿನ ಹಿಂದೆ ಒಂದು ಕೈಕಸುಬು ಅರಳಿ, ಮುಕ್ಕಾಲು ಶತಮಾನದಷ್ಟು ಕಾಲ ಬಾಳಿ, ಯಂತ್ರದ ಮುಂದೆ ಸೋತ ಕಥೆಯಿದೆ. ಅದನ್ನು ಓದಲು ಒಂದು ಭೂತಗನ್ನಡಿ ಸಾಕು.

ಜರ್ಮನಿಯ ತ್ಯುರಿಂಗಿಯಾ ಪ್ರಾಂತ್ಯದಲ್ಲಿ ಲೌಶಾ ಎಂಬ ಊರಿದೆ. ಕಾಡು ಕವಿದ ಇಕ್ಕಟ್ಟಾದ ಕಣಿವೆ. ಬೇಸಾಯಕ್ಕೆ ಹೇಳಿಮಾಡಿಸಿದ ನೆಲವಲ್ಲ. ಆದರೆ ಕುಲುಮೆಗೆ ಬೇಕಾದ ಸೌದೆ ಹೇರಳವಾಗಿತ್ತು. 1597ರಲ್ಲಿ ಹಾನ್ಸ್ ಗ್ರೈನರ್ ಮತ್ತು ಕ್ರಿಸ್ಟೋಫ್ ಮ್ಯುಲರ್ ಎಂಬಿಬ್ಬರು ಅಲ್ಲಿ ಗಾಜಿನ ಕುಲುಮೆ ಹೂಡಿದರು. ಊರು ಬೆಳೆದದ್ದೇ ಅದರ ಸುತ್ತ. ಆ ಕಾಲದ ಜರ್ಮನ್ ಮಕ್ಕಳ ಗೋಲಿಗಳು ಹೆಚ್ಚಾಗಿ ಮಣ್ಣಿನವು ಅಥವಾ ಕಲ್ಲಿನವು. ಆಲ್ಪ್ಸ್ ತಪ್ಪಲಿನ ಬೆರ್ಖ್ಟೆಸ್‌ಗಾಡನ್ ಸೀಮೆಯಲ್ಲಿ ಹಳ್ಳದ ನೀರಿನಿಂದ ತಿರುಗುವ ಗಿರಣಿಗಳಲ್ಲಿ ಅಮೃತಶಿಲೆಯ ತುಂಡುಗಳನ್ನು ತೇಯ್ದು ತೇಯ್ದು ಗುಂಡಗೆ ಮಾಡುತ್ತಿದ್ದರು.

ಗಾಜಿನ ಗೋಲಿಗೆ ನಿಜವಾದ ಕಾಲ ಬಂದದ್ದು 1840ರ ದಶಕದಲ್ಲಿ. ಲೌಶಾದ ಗ್ರೈನರ್ ಮನೆತನದ ಕುಲುಮೆಯೊಂದರಲ್ಲಿ ‘ಗೋಲಿ ಕತ್ತರಿ’ ಎಂಬ ಉಪಕರಣ ಹುಟ್ಟಿತು. ಇಕ್ಕಳದಂತಹ ಆಕಾರ, ಬಾಯಲ್ಲಿ ಒಂದೆಡೆ ಬಟ್ಟಲಿನಂತಹ ಗುಳಿ, ಇನ್ನೊಂದೆಡೆ ಕತ್ತರಿಸುವ ಅಲಗು. ಕುಶಲಕರ್ಮಿಯು ಕಬ್ಬಿಣದ ಸಲಾಕೆಯ ತುದಿಗೆ ಕರಗಿದ ಗಾಜನ್ನು ಸುತ್ತಿಕೊಂಡು, ಅದರ ಮೇಲೆ ಬಣ್ಣದ ಗಾಜಿನ ಎಳೆಗಳನ್ನು ಹೊಂದಿಸಿ, ಮತ್ತೆ ತಿಳಿಗಾಜಿನ ಹೊದಿಕೆ ಕೊಡುತ್ತಿದ್ದನು. ಬಳಿಕ ತಿರುಚುತ್ತ ಎಳೆದಾಗ ಅದು ಉದ್ದನೆಯ ಕೋಲಾಗುತ್ತಿತ್ತು. ಆ ಕೋಲಿನ ತುದಿಯನ್ನು ಕಾಯಿಸಿ, ಕತ್ತರಿಯ ಗುಳಿಯಲ್ಲಿಟ್ಟು ಹೊರಳಿಸಿ, ಗುಂಡಗಾದೊಡನೆ ಕತ್ತರಿಸುವುದು. ಬಿಸಿ ಗೋಲಿಗಳನ್ನು ನಿಧಾನವಾಗಿ ಆರಿಸಬೇಕು. ಅವಸರವಾದರೆ ಬಿರುಕು ಬಿಡುತ್ತವೆ.

ಹೀಗೆ ಕೋಲಿನಿಂದ ಬೇರ್ಪಟ್ಟ ಗೋಲಿಯ ಎರಡು ಧ್ರುವಗಳಲ್ಲೂ ಕತ್ತರಿಸಿದ ಒರಟು ಗುರುತು ಉಳಿಯುತ್ತದೆ. ಸಂಗ್ರಾಹಕರು ಇದನ್ನು ಪಾಂಟಿಲ್ ಎನ್ನುತ್ತಾರೆ. ನಾನು ಹೊಕ್ಕುಳು ಎನ್ನುತ್ತೇನೆ, ಏಕೆಂದರೆ ಹುಟ್ಟಿದ ಕಡೆಯಿಂದ ಬೇರೆಯಾದ ಗುರುತು ಅದು. ಒಳಗಿನ ಬಣ್ಣದ ಎಳೆಗಳು ಒಂದು ಹೊಕ್ಕುಳಿನಿಂದ ಹೊರಟು ಇನ್ನೊಂದರ ಕಡೆಗೆ ತಿರುಚಿಕೊಂಡು ಸಾಗಿದ್ದರೆ ಅದು ಕೈಯಿಂದ ಮಾಡಿದ್ದೆಂದು ಬಹುಮಟ್ಟಿಗೆ ನಂಬಬಹುದು. ಹಳೆಯದೆಂದು ಹೇಳಲು ಮಾತ್ರ ಇಷ್ಟೇ ಸಾಲದು. ಇಂದಿಗೂ ಕೈಯಿಂದ ಗೋಲಿ ಮಾಡುವ ಕಲಾವಿದರಿದ್ದಾರೆ. ಗಾಜಿನೊಳಗಿನ ಸಣ್ಣ ಗುಳ್ಳೆಗಳು, ಮೈಮೇಲಿನ ಸವೆತ, ವಿನ್ಯಾಸದ ರೀತಿ ಎಲ್ಲವನ್ನೂ ಕೂಡಿಸಿ ನೋಡಬೇಕು.

ವಿನ್ಯಾಸಗಳ ಹೆಸರುಗಳೇ ಒಂದು ಲೋಕ. ನಡುವೆ ಬಿಳಿಯ ಎಳೆಗಳ ಬಲೆಯಿದ್ದರೆ ಲ್ಯಾಟಿಸಿನೋ. ಬಣ್ಣದ ಚೂರುಗಳು ಈರುಳ್ಳಿಯ ಸಿಪ್ಪೆಯಂತೆ ಹರಡಿಕೊಂಡಿದ್ದರೆ ಆನಿಯನ್‌ಸ್ಕಿನ್. ಚಿನ್ನದಂತೆ ಮಿನುಗುವ ತಾಮ್ರದ ಕಣಗಳುಳ್ಳದ್ದು ಲುಟ್ಜ್. ಅಮೆರಿಕದ ಬಾಸ್ಟನ್ ಅಂಡ್ ಸ್ಯಾಂಡ್‌ವಿಚ್ ಕಾರ್ಖಾನೆಯಲ್ಲಿದ್ದ ನಿಕೋಲಸ್ ಲುಟ್ಜ್ ಎಂಬ ಗಾಜುಗಾರನ ಹೆಸರು ಇದಕ್ಕೆ ಅಂಟಿಕೊಂಡಿತು, ಗೋಲಿಗಳು ಮಾತ್ರ ಜರ್ಮನಿಯವು. ಕಪ್ಪು ಮೈಮೇಲೆ ಬಣ್ಣದ ಪಟ್ಟಿಗಳಿರುವುದಕ್ಕೆ ‘ಇಂಡಿಯನ್’ ಎಂದು ಹೆಸರು. ನಮ್ಮ ದೇಶದ್ದೆಂದು ಹಿಗ್ಗಬೇಕಾಗಿಲ್ಲ, ಅವೂ ಜರ್ಮನಿಯವೇ! ನನಗೆ ಅತ್ಯಂತ ಪ್ರಿಯವಾದವು ಸಲ್ಫೈಡ್ ಗೋಲಿಗಳು. ತಿಳಿಗಾಜಿನ ದೊಡ್ಡ ಗುಂಡಿನೊಳಗೆ ಸಿಂಹವೋ ಕುರಿಯೋ ನಾಯಿಯೋ ಬಿಳಿಯ ಪುಟ್ಟ ಬೊಂಬೆಯಾಗಿ ನಿಂತಿರುತ್ತದೆ. ಬೊಂಬೆಗೂ ಗಾಜಿಗೂ ನಡುವೆ ಸಿಕ್ಕಿಕೊಂಡ ತೆಳುಗಾಳಿಯಿಂದ ಅದು ಬೆಳ್ಳಿಯಂತೆ ಹೊಳೆಯುತ್ತದೆ.

ಅಮೆರಿಕದ ಓಹಿಯೋದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಳೆಯ ಸಾಮಾನುಗಳ ಮಾರಾಟದಲ್ಲಿ ಒಂದು ಡಬ್ಬಿ ಗೋಲಿ ಕೊಂಡು, ಚಿತ್ರಗಳನ್ನು ಕಳುಹಿಸಿದ್ದನು. ಅವುಗಳಲ್ಲಿ ಎರಡಕ್ಕೆ ಮಾತ್ರ ಹೊಕ್ಕುಳಿತ್ತು. ಮೈಯೆಲ್ಲ ಅರ್ಧಚಂದ್ರಾಕಾರದ ಸಣ್ಣ ಪೆಟ್ಟಿನ ಗುರುತುಗಳು. “ಸರ್, ಪಾಲಿಶ್ ಮಾಡಿಸಲೇ? ಹೊಸದರಂತೆ ಆಗುತ್ತದಂತೆ” ಎಂದು ಕೇಳಿದನು. ಖಂಡಿತ ಬೇಡವೆಂದು ಅಂದೇ ಉತ್ತರ ಬರೆದೆ. ಪಾಲಿಶ್ ಎಂದರೆ ಮೇಲಿನ ಪದರವನ್ನು ತೇಯ್ದುಹಾಕುವುದು. ಮೇಲ್ಮೈಗೆ ಹತ್ತಿರವಿರುವ ಬಣ್ಣದ ಪಟ್ಟಿಗಳು ಹೋಗುತ್ತವೆ, ಹೊಕ್ಕುಳು ಅಳಿಸುತ್ತದೆ. ಮಾಡಿದವನ ಕೈಗುರುತು ಇಲ್ಲವಾದ ಮೇಲೆ ಉಳಿಯುವುದು ಒಂದು ಹೊಳೆಯುವ ಗುಂಡು ಅಷ್ಟೆ. ಸಂಗ್ರಾಹಕರೂ ಅಂಥವಕ್ಕೆ ಕಡಿಮೆ ಬೆಲೆ ಕಟ್ಟುತ್ತಾರೆ. ಆದರೆ ಎಂದೂ ಆಡದ, ಪೆಟ್ಟಿಲ್ಲದ ಗೋಲಿಯೇ ಶ್ರೇಷ್ಠವೆಂಬ ಅವರ ಇನ್ನೊಂದು ಮಾತನ್ನು ನಾನು ಒಪ್ಪಲಾರೆ. ಆ ಪೆಟ್ಟುಗಳು ಯಾವುದೋ ಮಗುವಿನ ಗುರಿಯ ದಾಖಲೆ. ಶಾಸನದ ಕಲ್ಲನ್ನು ಉಜ್ಜಿ ನುಣುಪು ಮಾಡುವವರುಂಟೇ?

ಅವನ ಡಬ್ಬಿಯಲ್ಲಿ ಉಳಿದವೆಲ್ಲ ಯಂತ್ರದ ಗೋಲಿಗಳಾಗಿದ್ದುದರಲ್ಲಿ ಆಶ್ಚರ್ಯವಿಲ್ಲ, ಏಕೆಂದರೆ ಆ ಯಂತ್ರ ಬಂದದ್ದು ಅವನಿರುವ ಓಹಿಯೋದಿಂದಲೇ. ಅಲ್ಲಿನ ಆಕ್ರನ್ ನಗರದ ಮಾರ್ಟಿನ್ ಕ್ರಿಸ್ಟೆನ್‌ಸನ್ ಡೆನ್ಮಾರ್ಕ್‌ನಿಂದ ಬಂದವನು. ತಿರುಗುವ ಗಾಲಿಗಳ ನಡುವೆ ಬಿಸಿಗಾಜನ್ನು ಉರುಳಿಸಿ ಗುಂಡಗೆ ಮಾಡುವ ಅವನ ಯಂತ್ರಕ್ಕೆ 1905ರಲ್ಲಿ ಪೇಟೆಂಟ್ ದೊರೆಯಿತು. ಎಲ್ಲ ಕಡೆಯೂ ಸಮನಾಗಿ ಹೊರಳಿದ ಗೋಲಿಗೆ ಹೊಕ್ಕುಳು ಎಲ್ಲಿಂದ ಬರಬೇಕು? ಆದರೂ ಮೊದಮೊದಲು ಗಾಜನ್ನು ಸಲಾಕೆಯಿಂದ ಇಳಿಸುತ್ತಿದ್ದುದು ಮನುಷ್ಯನ ಕೈಯೇ. ಆ ಕೈಯ ತಿರುವಿನಿಂದ ಕ್ರಿಸ್ಟೆನ್‌ಸನ್ನನ ಹಲವು ಗೋಲಿಗಳ ಮೇಲೆ ಇಂಗ್ಲಿಷಿನ 9 ಅಂಕಿಯಂತಹ ಸುಳಿ ಕಾಣುತ್ತದೆ. ಕೈ ಸಂಪೂರ್ಣ ಹಿಂದೆ ಸರಿಯುವ ಮುನ್ನ ಉಳಿಸಿಹೋದ ಸಹಿಯದು.

ಲೌಶಾದವರನ್ನು ಯಂತ್ರವೊಂದೇ ಸೋಲಿಸಲಿಲ್ಲ. 1914ರಲ್ಲಿ ಮಹಾಯುದ್ಧ ಆರಂಭವಾಗಿ ಅಮೆರಿಕಕ್ಕೆ ಜರ್ಮನ್ ಸರಕು ಹೋಗುವುದು ಕ್ರಮೇಣ ನಿಂತಿತು. ಅದೇ ವರ್ಷ ಆಕ್ರೋ ಆ್ಯಗೆಟ್ ಎಂಬ ಕಂಪನಿ ಆಕ್ರನ್ ಬಿಟ್ಟು, ಮರಳೂ ಅನಿಲವೂ ಸುಲಭವಾಗಿ ಸಿಗುವ ವೆಸ್ಟ್ ವರ್ಜೀನಿಯಾದ ಕ್ಲಾರ್ಕ್ಸ್‌ಬರ್ಗಿಗೆ ಹೋಯಿತು. ಯುದ್ಧ ಮುಗಿಯುವಷ್ಟರಲ್ಲಿ ಅಮೆರಿಕದ ಮಕ್ಕಳ ಜೇಬು ಯಂತ್ರದ ಗೋಲಿಗಳಿಂದ ತುಂಬಿತ್ತು. ಒಂದೊಂದನ್ನೇ ಕತ್ತರಿಸುವವನು ಅವುಗಳ ಬೆಲೆಗೆ ಮಾರಿ ಬದುಕುವುದು ಹೇಗೆ?

ಇದನ್ನು ಓದಿ ಅಟ್ಟದ ಡಬ್ಬಿ ಇಳಿಸಹೊರಟ ನಮ್ಮ ಬಂಧುಗಳಿಗೆ ಒಂದು ಮಾತು. ನಾವು ಬಾಲ್ಯದಲ್ಲಿ ಆಡಿದ, ಒಳಗೆ ಬಣ್ಣದ ಎಸಳುಗಳಿರುವ ‘ಬೆಕ್ಕಿನ ಕಣ್ಣು’ ಯಂತ್ರದ್ದೇ. ಬಣ್ಣದ ಎಳೆಯಿಲ್ಲದ, ತುಸು ಹಸಿರು ಛಾಯೆಯ ಗೋಲಿ ಸಿಕ್ಕರೆ ಅದು ಬಹುಶಃ ಸೋಡಾ ಬಾಟಲಿಯದು. ಇಂಗ್ಲೆಂಡಿನ ಹಿರಮ್ ಕಾಡ್ 1870ರ ದಶಕದಲ್ಲಿ ರೂಪಿಸಿದ ಆ ಬಾಟಲಿಯಲ್ಲಿ ಅನಿಲದ ಒತ್ತಡವೇ ಗೋಲಿಯನ್ನು ಕತ್ತಿನ ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಸಂಗ್ರಾಹಕರು ಅದಕ್ಕೆ ಹೆಚ್ಚು ಕಾಸು ಕೊಡಲಾರರು. ಬಾಟಲಿ ಒಡೆದ ಅಣ್ಣನೋ ಚಿಕ್ಕಪ್ಪನೋ ಇನ್ನೂ ನಮ್ಮೊಡನಿದ್ದರೆ, ಅದು ಹೇಗೆ ಡಬ್ಬಿ ಸೇರಿತೆಂದು ಅವರನ್ನೇ ಕೇಳಿ ಬರೆದಿಟ್ಟುಕೊಳ್ಳಿ.