ಹಳೆಯ ಕಾರು: ಮಾರುವುದೋ, ಇಟ್ಟುಕೊಳ್ಳುವುದೋ?

ಹಳೆಯ ಕಾರನ್ನು ಮಾರಿಬಿಡುವುದೋ, ಇನ್ನೊಮ್ಮೆ ರಿಪೇರಿ ಮಾಡಿಸಿ ಇಟ್ಟುಕೊಳ್ಳುವುದೋ ಎಂಬುದು ಮೇಲ್ನೋಟಕ್ಕೆ ಕೂಡಿ ಕಳೆಯುವ ಲೆಕ್ಕ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸಿದ ನನಗೆ ಮಾತ್ರ ಇದರಲ್ಲಿ ಲೆಕ್ಕಕ್ಕಿಂತ ಚರಿತ್ರೆಯೇ ಹೆಚ್ಚಾಗಿ ಕಾಣುತ್ತದೆ. ಏಕೆಂದರೆ, ನಮ್ಮ ದೇಶದಲ್ಲಿ ಕಾರಿದ್ದ ಹಿಂದಿನ ತಲೆಮಾರಿನವರಿಗೆ ಈ ಪ್ರಶ್ನೆಯನ್ನು ಕೇಳಿಕೊಳ್ಳುವ ಸ್ವಾತಂತ್ರ್ಯವೇ ಹೆಚ್ಚುಕಡಿಮೆ ಇರಲಿಲ್ಲ. ನಮಗೆ ಆ ಸ್ವಾತಂತ್ರ್ಯ ದೊರೆತು ನಲವತ್ತು ವರ್ಷಗಳಾದವು. ಅಷ್ಟರಲ್ಲೇ ಉತ್ತರವನ್ನು ನಮ್ಮ ಪರವಾಗಿ ಸರ್ಕಾರದ ನಿಯಮಗಳು ಬರೆಯತೊಡಗಿವೆ. ಈ ಸಣ್ಣ ಪ್ರಶ್ನೆಯ ಹಿಂದಿರುವ ದೊಡ್ಡ ಕಥೆಯನ್ನು ಹೇಳುವುದು ಈ ಬರಹದ ಉದ್ದೇಶ.

ಪ್ರಶ್ನೆ ಮೊದಲು ಹುಟ್ಟಿದ್ದು ಅಮೆರಿಕದಲ್ಲಿ. ಹೆನ್ರಿ ಫೋರ್ಡ್ 1908ರಿಂದ 1927ರವರೆಗೆ ತಯಾರಿಸಿದ ಮಾಡೆಲ್ ಟಿ ಕಾರುಗಳ ಸಂಖ್ಯೆ ಒಂದೂವರೆ ಕೋಟಿ. ಅಷ್ಟೂ ಕಾಲ ಅದರ ಮೂಲ ವಿನ್ಯಾಸ ಹೆಚ್ಚು ಬದಲಾಗಲಿಲ್ಲ. ಹಳ್ಳಿಯ ರೈತನೂ ತನ್ನ ಸಲಕರಣೆಗಳಿಂದಲೇ ಬಿಚ್ಚಿ ಜೋಡಿಸಬಹುದಾದಷ್ಟು ಸರಳವಾದ ಗಾಡಿ ಅದು. ಆದರೆ 1920ರ ದಶಕ ನಡೆದಂತೆ ಹೊಸ ತೊಡಕೊಂದು ಎದುರಾಯಿತು. ಕೊಳ್ಳಬಲ್ಲವರೆಲ್ಲ ಒಂದು ಕಾರನ್ನು ಕೊಂಡಾಗಿದೆ. ಇನ್ನು ಮಾರುವುದು ಯಾರಿಗೆ? ಜನರಲ್ ಮೋಟರ್ಸ್ ಸಂಸ್ಥೆಯ ಮುಖ್ಯಸ್ಥ ಆಲ್ಫ್ರೆಡ್ ಸ್ಲೋನ್ ಕಂಡುಕೊಂಡ ಉಪಾಯವೆಂದರೆ ವರ್ಷಕ್ಕೊಂದು ಹೊಸ ರೂಪ, ಹೊಸ ಬಣ್ಣ. ಜೊತೆಗೆ, 1919ರಲ್ಲಿ ಆ ಸಂಸ್ಥೆ ಆರಂಭಿಸಿದ ಸಾಲದ ಶಾಖೆಯಿಂದ ಕಂತಿನ ವ್ಯವಸ್ಥೆ. ಹಳೆಯ ಕಾರನ್ನು ಒಪ್ಪಿಸಿದರೆ ಹೊಸದರ ಮುಂಗಡಕ್ಕೆ ಅದು ಜಮೆ. ಹೀಗೆ, ಕೆಟ್ಟಿಲ್ಲದ ಕಾರನ್ನೂ ಮಾರಬೇಕೆನಿಸುವ ಮನಸ್ಸು ಹುಟ್ಟಿತು. ಕಾರು ಹಳೆಯದಾಗುವುದು ಯಂತ್ರ ಸವೆದಾಗ ಮಾತ್ರವಲ್ಲ, ನೆರೆಮನೆಯವರು ಹೊಸದನ್ನು ತಂದಾಗಲೂ ಹೌದು ಎಂಬ ಭಾವನೆ ಅಂದಿನಿಂದ ಬೇರೂರಿತು.

ನಮ್ಮಲ್ಲಿ ಕಥೆ ಬೇರೆಯೇ ದಾರಿ ಹಿಡಿಯಿತು. ಅದೇ ಜನರಲ್ ಮೋಟರ್ಸ್ 1928ರಲ್ಲಿ ಮುಂಬಯಿಯಲ್ಲಿ ಬಿಡಿಭಾಗಗಳನ್ನು ತರಿಸಿ ಜೋಡಿಸುವ ಕಾರ್ಖಾನೆ ತೆರೆಯಿತು. ಫೋರ್ಡ್ ಸಂಸ್ಥೆಯೂ ಇತ್ತು. ಜೋಡಿಸಿದರೆ ಸಾಲದು, ನಾವೇ ತಯಾರಿಸಬೇಕು ಎಂದು ಹಟ ತೊಟ್ಟವರಲ್ಲಿ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಪ್ರಮುಖರು. 1930ರ ದಶಕದಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಯುರೋಪು ಮತ್ತು ಅಮೆರಿಕಗಳಿಗೆ ಹೋಗಿ ಮೋಟಾರು ಕಾರ್ಖಾನೆಗಳನ್ನು ನೋಡಿಬಂದು ಯೋಜನೆಯೊಂದನ್ನು ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದಕ್ಕೆ ಕೈಜೋಡಿಸಿದರು. ಮೈಸೂರು ಸಂಸ್ಥಾನದ ಸಹಭಾಗಿತ್ವದ ಮಾತುಕತೆಯೂ ನಡೆಯಿತು. ಬ್ರಿಟಿಷ್ ಸರ್ಕಾರದ ಒಪ್ಪಿಗೆ ಸಿಗದೆ ಅದು ಅಲ್ಲಿಗೇ ನಿಂತಿತು. ಅದೇ ವಾಲ್‌ಚಂದ್ ಮೈಸೂರು ಸರ್ಕಾರದೊಡನೆ ಸೇರಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು, ಇಂದಿನ ಎಚ್.ಎ.ಎಲ್. ಅದೇ. ಕಾರು ಬರಬೇಕಾದ ನೆಲಕ್ಕೆ ವಿಮಾನ ಬಂದಿತೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದುಂಟು. 1942ರಲ್ಲಿ ಬಿರ್ಲಾ ಮನೆತನದ ಹಿಂದೂಸ್ತಾನ್ ಮೋಟರ್ಸ್, 1944ರಲ್ಲಿ ವಾಲ್‌ಚಂದರ ಪ್ರೀಮಿಯರ್ ಆಟೋಮೊಬೈಲ್ಸ್ ಹುಟ್ಟಿಕೊಂಡವು.

ಸ್ವಾತಂತ್ರ್ಯಾನಂತರ, 1949ರಲ್ಲಿ, ಪೂರ್ಣವಾಗಿ ತಯಾರಾದ ಕಾರುಗಳ ಆಮದನ್ನು ಸರ್ಕಾರ ನಿಷೇಧಿಸಿತು. 1953ರಲ್ಲಿ ಸುಂಕ ಆಯೋಗವು, ಇಲ್ಲಿಯೇ ತಯಾರಿಸುವ ಯೋಜನೆಯಿಲ್ಲದ ಸಂಸ್ಥೆಗಳು ಮೂರು ವರ್ಷಗಳಲ್ಲಿ ಹೊರನಡೆಯಬೇಕೆಂದು ಶಿಫಾರಸು ಮಾಡಿತು. ಜನರಲ್ ಮೋಟರ್ಸ್ ಮತ್ತು ಫೋರ್ಡ್ ನಿರ್ಗಮಿಸಿದವು. ಕಾರುಗಳ ಮಟ್ಟಿಗೆ ಉಳಿದ ಪ್ರಮುಖರು ಮೂವರೇ: ಕೋಲ್ಕತ್ತದ ಬಳಿಯ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟರ್ಸ್, ಮುಂಬಯಿಯಲ್ಲಿ ಪ್ರೀಮಿಯರ್, ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್. ಮೊದಲನೆಯದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚನ್ನೇ ತಂದು ಅಂಬಾಸಿಡರ್ ಎಂದು ಹೆಸರಿಟ್ಟಿತು. ಎರಡನೆಯದು ಇಟಲಿಯ ಫಿಯೆಟ್ 1100 ಕಾರನ್ನು ತಯಾರಿಸಿ, 1970ರ ದಶಕದಲ್ಲಿ ಅದಕ್ಕೆ ಪದ್ಮಿನಿ ಎಂದು ನಾಮಕರಣ ಮಾಡಿತು. ಮೂರನೆಯದರದು ಎರಡು ಬಾಗಿಲಿನ ಹೆರಾಲ್ಡ್. ಸ್ಲೋನ್ ಮಹಾಶಯರ ವರ್ಷಕ್ಕೊಂದು ರೂಪದ ಸೂತ್ರಕ್ಕೆ ಇಲ್ಲಿ ಜಾಗವೇ ಇರಲಿಲ್ಲ. ಅಂಬಾಸಿಡರಿನ ಮುಂಭಾಗದ ಜಾಲರಿ ಬದಲಾದರೆ ಅದೇ ಹೊಸ ಮಾಡೆಲ್.

ಬೇಡಿಕೆ ಹೆಚ್ಚು, ತಯಾರಿಕೆ ಕಡಿಮೆ. 1980ರ ಸುಮಾರಿಗೆ ಇಡೀ ದೇಶದಲ್ಲಿ ವರ್ಷಕ್ಕೆ ತಯಾರಾಗುತ್ತಿದ್ದ ಕಾರುಗಳು ಸುಮಾರು 30 ಸಾವಿರ. ಕಾರು ಬೇಕಾದವರು ಮುಂಗಡ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಹಳೆಯದನ್ನು ಮಾರಿದರೆ ಹೊಸದು ಕೈಗೆ ಬರುವತನಕ ಕಾಲ್ನಡಿಗೆಯೇ ಗತಿ. ಆದ್ದರಿಂದ ಅಂದಿನ ಡಾಕ್ಟರು, ವಕೀಲರು, ಕಾಫಿ ಪ್ಲಾಂಟರುಗಳು ಕಾರನ್ನು ಮಾರುವ ಮಾತೆತ್ತುತ್ತಿರಲಿಲ್ಲ. ತಂದೆಯಿಂದ ಮಗನಿಗೆ ಮನೆ, ಜಮೀನುಗಳಂತೆ ಕಾರೂ ಹೋಗುತ್ತಿತ್ತು. ಇದನ್ನು ಆ ಕಾಲದವರ ಮಿತವ್ಯಯವೆಂದು ಹೊಗಳುವವರಿದ್ದಾರೆ. ಅದು ಅರ್ಧ ಸತ್ಯ. ಗುಣವೆಂದು ನಾವು ಕೊಂಡಾಡುವುದು ಬಹುಮಟ್ಟಿಗೆ ಅನಿವಾರ್ಯತೆಯಾಗಿತ್ತು.

ಆದರೂ ಆ ಅನಿವಾರ್ಯತೆಯಿಂದ ಒಂದು ವಿದ್ಯೆ ಬೆಳೆಯಿತೆಂಬುದನ್ನು ಮರೆಯಬಾರದು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಊರೂರಿನ ಲೇತ್ ಅಂಗಡಿಗಳು, ಬಸ್ ನಿಲ್ದಾಣದ ಹಿಂದಿನ ಗ್ಯಾರೇಜುಗಳು ಆ ವಿದ್ಯೆಯ ಪಾಠಶಾಲೆಗಳು. ಎಂಜಿನ್ ಹೊಗೆ ಉಗುಳತೊಡಗಿ ಆಯಿಲ್ ಕುಡಿಯಲಾರಂಭಿಸಿದರೆ ಅದನ್ನು ಕೆಳಗಿಳಿಸಿ, ಸವೆದ ಸಿಲಿಂಡರನ್ನು ಲೇತಿನವರಲ್ಲಿ ಸ್ವಲ್ಪ ಅಗಲವಾಗಿ ಕೊರೆಸಿ, ಅದಕ್ಕೆ ಹೊಂದುವ ದಪ್ಪನೆಯ ಪಿಸ್ಟನ್ ಕೂರಿಸುತ್ತಿದ್ದರು. ಕ್ರ್ಯಾಂಕ್ ಶಾಫ್ಟನ್ನು ತಿಕ್ಕಿಸಿ ಹೊಸ ಬೇರಿಂಗ್ ಹಾಕುತ್ತಿದ್ದರು. ಇದಕ್ಕೆ ‘ಬೋರಿಂಗ್ ಮಾಡಿಸುವುದು’ ಎನ್ನುತ್ತಾರೆ. ಒಂದೇ ಎಂಜಿನ್ನಿಗೆ ಎರಡು ಮೂರು ಬಾರಿ ಹೀಗೆ ಮರುಜನ್ಮ ಕೊಡಬಹುದಿತ್ತು. ಅಂಬಾಸಿಡರಿನ ತಗಡು ದಪ್ಪ. ತುಕ್ಕು ಹಿಡಿದರೂ ಬೆಸೆಯಲು ಜಾಗ ಸಿಗುತ್ತಿತ್ತು. ಕೂಲಿ ಅಗ್ಗ, ಮಾಡೆಲ್ ಒಂದೇ, ಸಾಮಾನು ಎಲ್ಲೆಡೆ ಲಭ್ಯ. ರಿಪೇರಿಯ ಸಂಸ್ಕೃತಿ ನಿಂತಿದ್ದುದು ಈ ಮೂರು ಕಂಬಗಳ ಮೇಲೆ.

1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800 ಕಾರಿನ ಕೀಲಿಕೈ ಹಸ್ತಾಂತರಿಸಿದರು. 1993ರಲ್ಲಿ ಕಾರು ತಯಾರಿಕೆಗೆ ಪರವಾನಗಿಯ ಕಟ್ಟುಪಾಡು ತೆಗೆದುಹಾಕಲಾಯಿತು. 1998ರಲ್ಲಿ ಹ್ಯುಂಡೈ ಸ್ಯಾಂಟ್ರೋ, ಟಾಟಾ ಇಂಡಿಕಾಗಳು ಬಂದವು. ಬ್ಯಾಂಕುಗಳು ಕರೆದು ಸಾಲ ಕೊಡತೊಡಗಿದವು. ಹಳೆಯದನ್ನು ಕೊಟ್ಟು ಹೊಸದನ್ನೊಯ್ಯುವ ಎಕ್ಸ್‌ಚೇಂಜ್ ಮೇಳಗಳು ಊರೂರಿಗೂ ಬಂದವು. ಸ್ಲೋನರ ಸೂತ್ರ ಎಪ್ಪತ್ತು ವರ್ಷ ತಡವಾಗಿ ನಮ್ಮ ಬೀದಿಗೆ ಬಂದು ತಲುಪಿತು. ಪದ್ಮಿನಿಯ ತಯಾರಿಕೆ ಹೊಸ ಶತಮಾನದ ಹೊಸ್ತಿಲಲ್ಲಿ ನಿಂತಿತು. 2014ರಲ್ಲಿ ಅಂಬಾಸಿಡರ್ ನಿಂತಿತು. ಅದೇ ವರ್ಷ ಮಾರುತಿ 800 ಕೂಡ ನಿಂತಿತು. ಸೋಲಿಸಿದ್ದೂ ಸೋತದ್ದೂ ಒಟ್ಟಿಗೇ ಚರಿತ್ರೆಯ ಪುಟ ಸೇರಿದ್ದು ಒಂದು ಸೋಜಿಗ.

ಈಗ ನನ್ನ ಮನೆಯ ಮಾತಿಗೆ ಬರುತ್ತೇನೆ. 1996ರ ಮಾಡೆಲಿನ ಮಾರುತಿ 800 ಕಾರೊಂದನ್ನು ನಾನು 2002ರಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡೆ. 1988ರ ಮೋಟಾರು ವಾಹನ ಕಾಯ್ದೆಯಂತೆ ಖಾಸಗಿ ಕಾರಿನ ನೋಂದಣಿಗೆ 15 ವರ್ಷದ ಆಯುಸ್ಸು. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ನನ್ನ ಕಾರು 2011, 2016, 2021ರಲ್ಲಿ ಮೂರು ಬಾರಿ ತೇರ್ಗಡೆಯಾಯಿತು. ಕಡೆಯ ಬಾರಿ ಶುಲ್ಕ 600 ರೂಪಾಯಿ ಇತ್ತು. 2022ರ ಏಪ್ರಿಲಿನಿಂದ ಅದು 5 ಸಾವಿರವಾಯಿತು. 2025ರ ಆಗಸ್ಟಿನಲ್ಲಿ, 20 ವರ್ಷ ದಾಟಿದ ಕಾರುಗಳಿಗೆ 10 ಸಾವಿರವಾಯಿತು. ನನ್ನದು 2026ರಲ್ಲಿ ಮತ್ತೆ ಪರೀಕ್ಷೆಗೆ ಕೂರಬೇಕು. ಬೋರಿಂಗ್, ಟಿಂಕರಿಂಗ್, ಎರಡು ಟೈರು ಎಲ್ಲ ಸೇರಿ 38 ಸಾವಿರವಾದೀತೆಂದು ನಮ್ಮ ಮೇಸ್ತ್ರಿ ಅಂದಾಜು ಕೊಟ್ಟಿದ್ದಾರೆ. ಗುಜರಿಯವನು ಕೊಡುತ್ತೇನೆಂದದ್ದು 28 ಸಾವಿರ.

“ಅಪ್ಪಾ, ಕಾರಿನ ಬೆಲೆಗಿಂತ ರಿಪೇರಿ ಖರ್ಚೇ ಹೆಚ್ಚಾಯಿತಲ್ಲ, ಕೊಟ್ಟುಬಿಡಿ” ಎನ್ನುತ್ತಾನೆ ಬೆಂಗಳೂರಿನಲ್ಲಿರುವ ಮಗ. ಬಹಳ ಜನ ಹೀಗೆಯೇ ಯೋಚಿಸುತ್ತಾರೆ. ಆದರೆ ಈ ಹೋಲಿಕೆ ಸರಿಯಲ್ಲ. ರಿಪೇರಿಯ ಖರ್ಚನ್ನು ತೂಗಬೇಕಾದ್ದು ಹಳೆಯ ಕಾರು ತರುವ ಹಣದೊಡನೆ ಅಲ್ಲ, ಅದು ಹೋದರೆ ಆ ಕೆಲಸವನ್ನು ಬೇರೊಂದರಿಂದ ಮಾಡಿಸಿಕೊಳ್ಳಲು ತಗಲುವ ಹಣದೊಡನೆ. ಹೊಸ ಸಣ್ಣ ಕಾರಿಗೆ ಕೆಲವು ಲಕ್ಷವಾದರೂ ಬೇಕು. ಆ ಹಣ ಬ್ಯಾಂಕಿನಲ್ಲಿದ್ದರೆ ಅದರ ವರ್ಷದ ಬಡ್ಡಿಯೇ ಈ ಕಾರನ್ನು ಸಾಕುತ್ತದೆ. ಪಿಂಚಣಿದಾರನಿಗೆ ಇದು ಸಣ್ಣ ಮಾತಲ್ಲ. ಊರಿನ ತೋಟಕ್ಕೆ ನಮಗೆ ದಿನಕ್ಕೆರಡೇ ಬಸ್ಸು. ಮಂಡಿನೋವಿನ ನನ್ನಾಕೆಗೆ ಅದರ ಮೆಟ್ಟಿಲು ಹತ್ತಲಾಗದು. ಕಾರು ಹೋದರೆ ತೋಟಕ್ಕೆ ಹೋಗುವುದೂ ಹೋದಂತೆ.

ಆದರೆ ಎದುರಿನ ತಟ್ಟೆಯಲ್ಲಿರುವುದೂ ಹಗುರವಾದದ್ದಲ್ಲ. ನನ್ನ ಕಾರಿನಲ್ಲಿ ಏರ್‌ಬ್ಯಾಗಿಲ್ಲ. ಕಾರ್ಬುರೇಟರಿನ ಎಂಜಿನ್, ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ 1995ರಲ್ಲಿ ಕಡ್ಡಾಯವಾದದ್ದು ನಾಲ್ಕು ಮಹಾನಗರಗಳಿಗೆ ಮಾತ್ರ, ನಮ್ಮ ಊರಿಗಲ್ಲ. ಹೊಗೆ ನುಂಗುವವರು ನನ್ನ ಲೆಕ್ಕದ ಪುಸ್ತಕದಲ್ಲಿ ಎಲ್ಲೂ ಇಲ್ಲ. ದೆಹಲಿ ವಲಯದಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳ ಓಡಾಟಕ್ಕೆ 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ತಡೆಯೊಡ್ಡಿದ್ದಕ್ಕೆ ಕಾರಣ ಅದೇ. 2025ರಲ್ಲಿ ಆ ವಿಚಾರ ಮತ್ತೆ ನ್ಯಾಯಾಲಯದ ಮುಂದೆ ಬಂದಿತು. ಮುಂಬಯಿಯಲ್ಲಿ ಟ್ಯಾಕ್ಸಿಗಳಿಗೆ 20 ವರ್ಷದ ಮಿತಿ. ಕಡೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. 2021ರ ಆಗಸ್ಟಿನಲ್ಲಿ ಘೋಷಣೆಯಾದ ಗುಜರಿ ನೀತಿಯ ಹಾದಿ ತುಸು ಬೇರೆ. ಅದು ಖಾಸಗಿ ಕಾರನ್ನು ವಯಸ್ಸಿನಿಂದಲೇ ಅಳೆಯದೆ ಅದರ ದೇಹಸ್ಥಿತಿಯ ಪರೀಕ್ಷೆಗೆ ಮಹತ್ವ ಕೊಡುತ್ತದೆ. ನನಗೆ ಇದೇ ನ್ಯಾಯವೆನಿಸುತ್ತದೆ. ಹುಟ್ಟಿದ ವರ್ಷ ನೋಡಿ ವಿದ್ಯಾರ್ಥಿಯನ್ನು ಫೇಲು ಮಾಡುವ ಮೇಷ್ಟ್ರನ್ನು ಯಾರೂ ಒಪ್ಪುವುದಿಲ್ಲ. ಪರೀಕ್ಷೆಯನ್ನೇ ಮಾಡದೆ ಪಾಸು ಮಾಡುವವರನ್ನೂ ಒಪ್ಪಬಾರದು.

ಕಡೆಗೆ ನನಗೆ ದಾರಿ ತೋರಿಸಿದವರು ನಮ್ಮ ಮೇಸ್ತ್ರಿಯೇ. ಕಾರನ್ನು ಮೇಲೆತ್ತಿಸಿ, ತಳದ ತಗಡನ್ನು ಸ್ಕ್ರೂ ಡ್ರೈವರಿನಿಂದ ಅಲ್ಲಲ್ಲಿ ಕುಟ್ಟಿ ನೋಡಿ ಅವರೆಂದರು: “ಮೇಷ್ಟ್ರೇ, ಎಂಜಿನ್ನು ಹೋದ್ರೆ ಎಬ್ಬಿಸಬಹುದು. ತಳ ಹೋದ್ರೆ ಬ್ರಹ್ಮ ಬಂದ್ರೂ ಆಗಲ್ಲ. ನಿಮ್ಮದು ಎರಡು ಕಡೆ ತೂತು ಬಿದ್ದಿದೆ, ಆದ್ರೆ ಹಾಸು ಇನ್ನೂ ಗಟ್ಟಿ ಇದೆ.” ನೂರು ವರ್ಷದ ಮೋಟಾರು ಚರಿತ್ರೆಯ ಸಾರ ಆ ಮಾತಿನಲ್ಲಿದೆ. ಸವೆಯುವ ಭಾಗವನ್ನು ಬದಲಿಸಬಹುದು. ಉಳಿದೆಲ್ಲವನ್ನೂ ಹೊತ್ತು ನಿಂತ ಭಾಗ ಕೊಳೆತರೆ ಬದಲಿಸುವಂತಿಲ್ಲ.

ಆದ್ದರಿಂದ ನಾವು ತೀರ್ಮಾನಿಸಿದ್ದು ಹೀಗೆ. ಇನ್ನೊಂದು ಅವಧಿಗೆ ರಿಪೇರಿ ಮಾಡಿಸುವುದು, ಹಗಲಿನಲ್ಲಿ, ಊರು ಮತ್ತು ತೋಟದ ದಾರಿಯಲ್ಲಿ ಮಾತ್ರ ಓಡಿಸುವುದು, ಹೆದ್ದಾರಿಗೆ ಇಳಿಸದಿರುವುದು. ಹೊಗೆ ತಪಾಸಣೆಯಲ್ಲಿ ಪ್ರಾಮಾಣಿಕವಾಗಿ ತೇರ್ಗಡೆಯಾಗದಿದ್ದರೆ, ಇಲ್ಲವೇ ತಳ ಶಿಥಿಲವಾದರೆ, ಕಣ್ಣೀರು ಹಾಕದೆ ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಿ ರಸೀದಿ ಪಡೆಯುವುದು. ಮಗನೂ ಈ ಷರತ್ತುಗಳಿಗೆ ಒಪ್ಪಿದ್ದಾನೆ.

ಕೊರತೆಯ ಕಾಲದಲ್ಲಿ ನಮ್ಮ ಹಿರಿಯರು ಬೇರೆ ದಾರಿಯಿಲ್ಲದೆ ರಿಪೇರಿ ಮಾಡಿಸಿದರು. ಸಮೃದ್ಧಿಯ ಕಾಲದಲ್ಲಿ ನಮ್ಮ ಮಕ್ಕಳು ಯೋಚನೆಯಿಲ್ಲದೆ ಮಾರುತ್ತಾರೆ. ಈ ಎರಡರ ನಡುವೆ, ದಾರಿ ಎರಡೂ ತೆರೆದಿರುವಾಗ ನಿಧಾನವಾಗಿ ಯೋಚಿಸಿ ಆರಿಸಿಕೊಳ್ಳುವ ಅವಕಾಶ ಸಿಕ್ಕಿರುವುದು ನಮ್ಮ ತಲೆಮಾರಿಗೆ. ಅದನ್ನು ಬಳಸಿಕೊಳ್ಳದಿದ್ದರೆ ಗುಜರಿಗೆ ಹೋಗುವುದು ಕಾರೊಂದೇ ಅಲ್ಲ, ಲೇತ್ ಅಂಗಡಿಯಲ್ಲಿ ಕಪ್ಪು ಕೈಗಳು ಅರ್ಧ ಶತಮಾನ ಕಲಿತ ವಿದ್ಯೆಯೂ ಹೌದು.